ಸಿನಿಮಾದ ಅಪ್ಪ ಅತ್ತ. ನಮ್ಮ ಅಪ್ಪ ಚೀಟಿ ತಂದ!

ಒಬ್ಬನ ಪರೀಕ್ಷೆ ಇನ್ನೊಬ್ಬ ಬರೆಯುವಾಗ ಸಿಕ್ಕಿಬಿದ್ದರೆ ಪತ್ರಿಕೆಯವರು ಅವನಿಗೆ ಇಡುವ ಹೆಸರು ‘ಮುನ್ನಾಭಾಯಿ’. 2003ರ ಹಿಂದಿ ಸಿನಿಮಾ ‘ಮುನ್ನಾಭಾಯಿ ಎಂ.ಬಿ.ಬಿ.ಎಸ್.’ ಕೊಟ್ಟ ಕಾಣಿಕೆ ಅದು. ಅದೇ ಕತೆ 2006ರಲ್ಲಿ ಉಪೇಂದ್ರ ಅವರ ‘ಉಪ್ಪಿ ದಾದಾ ಎಂ.ಬಿ.ಬಿ.ಎಸ್.’ ಆಗಿ ಕನ್ನಡಕ್ಕೂ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡ್ರಿ, ನಗೋದು ತಪ್ಪಲ್ಲ.

ಆದರೆ ಆ ಹಿಂದಿ ಸಿನಿಮಾದಲ್ಲಿ ಅಳುವ ಜಾಗವೂ ಒಂದಿದೆ. ಮಗ ಡಾಕ್ಟರ್ ಎಂದು ನಂಬಿದ್ದ ಹಳ್ಳಿಯ ಅಪ್ಪನಿಗೆ, ಮಗ ದಾದಾಗಿರಿ ಮಾಡುವವನೆಂದು ಗೊತ್ತಾಗುತ್ತದೆ. ಅಪ್ಪ ತಲೆ ತಗ್ಗಿಸಿ ಊರಿಗೆ ಮರಳುತ್ತಾನೆ. ಆ ಅವಮಾನಕ್ಕೆ ಉತ್ತರ ಕೊಡಲೆಂದೇ ಮಗ ಬೇರೆಯವರ ಕೈಯಲ್ಲಿ ಪರೀಕ್ಷೆ ಬರೆಸಿ ಕಾಲೇಜು ಸೇರುತ್ತಾನೆ. ಕೊನೆಗೂ ಡಿಗ್ರಿ ಸಿಗುವುದಿಲ್ಲ.

ಅಲ್ಲಿ ಮಗ ಅಪ್ಪನಿಗೆ ಮೋಸ ಮಾಡಿದ. ಇಲ್ಲಿ ಅಪ್ಪನೇ ಪಾಲುದಾರ! 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಂದಲ್ಲ, ಎರಡು ಸಲ ಬಯಲಾಯಿತು. ಮಾರ್ಚ್ 21ರದ್ದೂ ಹೋಯಿತು, 31ರದ್ದೂ ಹೋಯಿತು. ಮಕ್ಕಳು ಏಪ್ರಿಲ್ 12ಕ್ಕೆ ಮತ್ತೆ ಬರೆದರು. ಸ್ವಂತ ಮಕ್ಕಳಿಗಾಗಿ ಪತ್ರಿಕೆ ಪಡೆದರೆಂಬ ಆರೋಪದಲ್ಲಿ ಹಿರಿಯರೇ ಬಂಧನಕ್ಕೊಳಗಾದರು.

ಪರೀಕ್ಷೆ ಬಂತೆಂದರೆ ಕೇಂದ್ರದ 200 ಮೀಟರ್ ಸುತ್ತ ನಿಷೇಧಾಜ್ಞೆ, ಝೆರಾಕ್ಸ್ ಅಂಗಡಿಗೆ ಬೀಗ. ವ್ಯಾಪಾರ ಹೋಯಿತೆಂದು ಅಂಗಡಿಕಾರ ಗೊಣಗುತ್ತಾನೆ, ಪಾಪ. ಕಾಂಪೌಂಡಿನಾಚೆಯಿಂದ ಚೀಟಿ ಎಸೆಯುವ ಅಣ್ಣ, ಮಾವ, ಕಾಕಾಗಳ ಪಾಪಕ್ಕೆ ಅವನಿಗೆ ದಂಡ.

2024ರಲ್ಲಿ ಎಸ್ಸೆಸ್ಸೆಲ್ಸಿ ಕೋಣೆಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಣು ಬಿತ್ತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ಯಾರನ್ನೂ ದಡ್ಡರನ್ನಾಗಿ ಮಾಡಲಿಲ್ಲ. ಇದ್ದದ್ದನ್ನು ತೋರಿಸಿತು, ಅಷ್ಟೆ.

ಇದರಲ್ಲಿ ನಿಜವಾಗಿ ಹೊಡೆತ ಬೀಳೋದು ಯಾರಿಗೆ? ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರದ ಕಾಲೇಜಿಗೆ ಬರುವ ಹುಡುಗಿಗೆ. ಅಪ್ಪ ದ್ರಾಕ್ಷಿ ತೋಟದ ಕೂಲಿ. ಚೀಟಿ ಎಸೆಯಲು ಪುರಸೊತ್ತಿಲ್ಲ, ಪತ್ರಿಕೆ ಕೊಳ್ಳಲು ದುಡ್ಡಿಲ್ಲ. ಓದಿ ಗಳಿಸಿದ ಅವಳ ಅಂಕವೂ ಕದ್ದ ಅಂಕವೂ ಒಂದೇ ಸಾಲಿನಲ್ಲಿ ನಿಂತಾಗ ಸೀಟು ತಪ್ಪೋದು ಅವಳಿಗೇ.

ಫೇಲಾದರೆ ಆಕಾಶವೇನೂ ಬೀಳದು. ಒಂದೇ ವರ್ಷದಲ್ಲಿ ಮತ್ತೆ ಬರೆಯಲು ಅವಕಾಶವಿದೆ. ಸಿನಿಮಾ ನೋಡಿ ನಕ್ಕ ಅಪ್ಪಂದಿರು ಮನೆಗೆ ಹೋಗಿ ಮಗನಿಗೆ ಇಷ್ಟು ಹೇಳಿದರೆ ಸಾಕು: ‘ಬಂದಷ್ಟು ಬರಿ, ಚೀಟಿ ಮಾತ್ರ ಬ್ಯಾಡ.’