ಮರೆವಿನ ಹಿರಿಯರು, ಮರೆತುಹೋದ ಸೊಸೆಯಂದಿರು

ಮಧ್ಯರಾತ್ರಿ ಎದ್ದು, ಅಂಗಡಿ ತೆರೆಯಬೇಕೆಂದು ಬಾಗಿಲು ಬಡಿಯುವ ವೃದ್ಧರು ಶಿವಾಜಿನಗರದ ಗಲ್ಲಿಗಳಲ್ಲಿ ಅಪರೂಪವಲ್ಲ. ರಸೆಲ್ ಮಾರ್ಕೆಟ್‌ನ ಆ ಅಂಗಡಿ ಕೈಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಮನೆಯವರು ಇದನ್ನು ಮುಪ್ಪಿನ ಹಟವೆನ್ನುತ್ತಾರೆ. ಕೆಲವರು ಜಿನ್ನಿನ ಉಪದ್ರವವೆಂದು ತಾವೀಜು ಕಟ್ಟಿಸಲು ಓಡುತ್ತಾರೆ. ನಿಜವಾಗಿ ಇದು ಡಿಮೆನ್ಶಿಯಾ ಎಂಬ ಮೆದುಳಿನ ಕಾಯಿಲೆಯ ಲಕ್ಷಣವಾಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಈ ಕಾಯಿಲೆಯಿಂದ ಬಳಲುತ್ತಿದ್ದಾರೆ.

ಇದನ್ನು ನಾಚಿಕೆಯೆಂದು ಬಚ್ಚಿಡುವುದೇಕೆ? ಬಲ್ಲವನಾಗಿದ್ದವನು ಏನನ್ನೂ ಅರಿಯದವನಾಗುವ ಮುದಿತನವನ್ನು ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯದ 70ನೇ ಸೂಕ್ತ ಪ್ರಸ್ತಾಪಿಸಿದೆ. ಪ್ರವಾದಿ(ಸ)ರು ಅಂತಹ ವಯಸ್ಸಿನಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಬುದ್ಧಿಯೇ ಕಳೆದವರ ಮೇಲೆ ನಮಾಝ್, ಉಪವಾಸದ ಹೊಣೆಯಿಲ್ಲ. ಆದರೂ ಒಂದೇ ನಮಾಝನ್ನು ನಾಲ್ಕು ಸಲ ನಿರ್ವಹಿಸುವ ತಂದೆಯನ್ನು ಗದರಿಸುವ ಮಕ್ಕಳಿದ್ದಾರೆ. ಮಾಡಲಿ ಬಿಡಿ.

ಆದರೆ ನಾವು ಇಲ್ಲಿ ಮುಖ್ಯವಾಗಿ ಹೇಳಬಯಸುವುದು ರೋಗಿಯ ಬಗ್ಗೆಯಲ್ಲ. ಮಾತಾಪಿತರ ಸೇವೆಯ ಕುರಿತು ಖುತ್ಬಾಗಳಲ್ಲಿ ಕೇಳುವ ಆದೇಶಗಳೆಲ್ಲ ಮಕ್ಕಳನ್ನು ಉದ್ದೇಶಿಸಿದವು. ಮನೆಯಲ್ಲಿ ಅವನ್ನು ಪಾಲಿಸುವವಳು ಸೊಸೆ. ಅತ್ತೆಯ ಬಟ್ಟೆ ಬದಲಾಯಿಸುವವಳು, ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರಿಸುವವಳು, ಚಿನ್ನ ಕದ್ದಳೆಂಬ ಆರೋಪವನ್ನೂ ಕೇಳಿಸಿಕೊಳ್ಳುವವಳು ಅವಳೇ. ಕಳ್ಳತನದ ಶಂಕೆ ಈ ಕಾಯಿಲೆಯ ಸಾಮಾನ್ಯ ಲಕ್ಷಣವೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ನಾದಿನಿಯರು ಆರೋಪವನ್ನು ನಂಬಿಯೂ ಬಿಡುತ್ತಾರೆ. ಈದ್‌ಗೆ ತವರಿಗೆ ಹೋಗದೆ ಅವಳಿಗೆ ಎಷ್ಟು ವರ್ಷವಾಯಿತೋ! ಅತ್ತೆಮಾವಂದಿರ ಶುಶ್ರೂಷೆಯನ್ನು ಶರೀಅತ್ ಸೊಸೆಯ ಮೇಲೆ ಕಡ್ಡಾಯವಾಗಿ ಹೇರಿಲ್ಲ. ಅದು ಅವಳ ಔದಾರ್ಯ. ಗಲ್ಫ್‌ನಿಂದ ಹಣ ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುವ ಮಗನೂ, ಪಕ್ಕದ ಕೋಣೆಯಲ್ಲಿದ್ದು ರಾತ್ರಿ ಏಳದ ಮಗನೂ ಇದನ್ನು ತಿಳಿಯಬೇಕು.

ಹಳೆಯ ಮೊಹಲ್ಲಾದಲ್ಲಿ ದಾರಿತಪ್ಪಿದ ಹಿರಿಯರನ್ನು ಚಹಾದಂಗಡಿಯವನೇ ಕೈಹಿಡಿದು ಮನೆಗೆ ಬಿಡುತ್ತಿದ್ದ. ಬಾಡಿಗೆ ತಾಳಲಾರದೆ ಕೆ.ಆರ್. ಪುರಂ ಕಡೆಗೆ ಹೋದ ಕುಟುಂಬಗಳಿಗೆ ಆ ಕಣ್ಗಾವಲಿಲ್ಲ. ಹಿರಿಯರ ಜೇಬಿನಲ್ಲಿ ಮನೆಯ ಫೋನ್ ಸಂಖ್ಯೆಯ ಚೀಟಿಯಿರಲಿ. ತಾವೀಜಿಗಿಂತ ಮೊದಲು ರಕ್ತಪರೀಕ್ಷೆಯಾಗಲಿ. ಬಿ12 ಕೊರತೆ, ಥೈರಾಯ್ಡ್ ದೋಷದಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲದು. ನಿಮ್ಹಾನ್ಸ್ ಇದೇ ನಗರದಲ್ಲಿದೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಸಂಸ್ಥೆ 2010ರಲ್ಲಿ ಅಲ್ಝೈಮರ್ಸ್ ರೋಗಿಗಳಿಗಾಗಿಯೇ ಕೇಂದ್ರ ತೆರೆಯಿತು. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ರಾಜ್ಯ ಸರಕಾರವು ಮೆದುಳಿನ ಆರೋಗ್ಯಕ್ಕಾಗಿ ಕಾರ್ಯಕ್ರಮ ಆರಂಭಿಸಿದ್ದು ಶ್ಲಾಘನೀಯ. ಆದರೆ ಕ್ಲಿನಿಕ್‌ನಿಂದ ರೋಗಿ ಮರಳುವುದು ಮನೆಗೆ. 2007ರ ಹಿರಿಯ ನಾಗರಿಕರ ಕಾಯ್ದೆಯು ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ; ರಾತ್ರಿಯಿಡೀ ಎಚ್ಚರವಿರುವವಳಿಗೆ ಒಂದು ದಿನದ ಬಿಡುವು ಕೊಡಿಸುವುದಿಲ್ಲ. ಬಡಾವಣೆಗೊಂದು ಹಗಲು ಆರೈಕೆ ಕೇಂದ್ರವನ್ನು ನಾವು ಸರಕಾರದಿಂದ ಕೇಳೋಣ. ಅದು ಬರುವವರೆಗೆ ಮಸೀದಿ ಕಮಿಟಿಗಳು ಕಾಯಬೇಕಿಲ್ಲ. ಬೈತುಲ್‌ಮಾಲ್‌ನಿಂದ ವಾರಕ್ಕೆರಡು ದಿನ ಬಡ ಮನೆಯೊಂದಕ್ಕೆ ಆಯಾಳನ್ನು ಕಳುಹಿಸುವ ವೆಚ್ಚವೆಷ್ಟೆಂದು ಮುಂದಿನ ಸಭೆಯಲ್ಲೇ ಲೆಕ್ಕ ಹಾಕಲಿ. ಆ ಸಭೆಗೆ ಸೊಸೆಯಂದಿರನ್ನೂ ಕರೆಯಲಿ.