ಅಂಚೆಗೆ ಹಾಕಿದರೆ ಹೊಣೆ ತೀರಿತೇ?

ವ್ಯಾಪಾರವೆಂಬುದು ವಿಶ್ವಾಸದ ಮೇಲೆ ನಿಂತಿರುವ ವೃತ್ತಿ. ಹಿಂದೆ ಗ್ರಾಹಕನು ಅಂಗಡಿಯ ಮೆಟ್ಟಿಲೇರಿ, ಸರಕನ್ನು ಕಣ್ಣಾರೆ ಕಂಡು, ತೂಕ ನೋಡಿ, ಅನಂತರವೇ ಹಣ ಎಣಿಸುತ್ತಿದ್ದನು. ಅಂತರಜಾಲದ ಖರೀದಿಯಲ್ಲಿ ಈ ಕ್ರಮವು ಬಹುಮಟ್ಟಿಗೆ ತಲೆಕೆಳಗಾಗಿದೆ. ಹಣವು ಕ್ಷಣಮಾತ್ರದಲ್ಲಿ ಗ್ರಾಹಕನ ಖಾತೆಯನ್ನು ಬಿಟ್ಟುಹೋಗುತ್ತದೆ. ಸರಕು ಮಾತ್ರ ಹಲವು ಊರು, ಹಲವು ಕೈಗಳನ್ನು ದಾಟಿ ಬರಬೇಕು. ನಡುದಾರಿಯಲ್ಲಿ ಅದು ಕಳೆದುಹೋದರೆ ನಷ್ಟ ಯಾರದು?

ಅನೇಕ ವರ್ತಕರ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಅಂಚೆಗೆ ಹಾಕಿದ ರಸೀದಿ ಇದೆ, ಅಲ್ಲಿಗೆ ನಮ್ಮ ಹೊಣೆ ತೀರಿತು.” ಮಾರಾಟ ತಾಣದವರು “ನಾವು ಕೇವಲ ಮಧ್ಯವರ್ತಿಗಳು” ಎನ್ನುತ್ತಾರೆ. ಸಾಗಣೆಯವರು “ವಿಚಾರಣೆ ನಡೆದಿದೆ” ಎನ್ನುತ್ತಾರೆ. ಹೀಗೆ ಮೂವರೂ ಕೈ ಕೊಡವಿಕೊಂಡಾಗ, ಯಾವ ತಪ್ಪನ್ನೂ ಮಾಡದ ನಾಲ್ಕನೆಯವನು ಹಣವನ್ನೂ ಸರಕನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ನ್ಯಾಯವೆನ್ನಲು ಸಾಧ್ಯವೇ?

ಈ ಉತ್ತರಕ್ಕೆ ಕಾನೂನಿನ ಆಸರೆ ಹುಡುಕುವವರೂ ಉಂಟು. 1930ರ ಸರಕು ಮಾರಾಟ ಅಧಿನಿಯಮದ 39ನೆಯ ಪ್ರಕರಣವು, ಕರಾರಿನಂತೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಖರೀದಿದಾರನಿಗೇ ಒಪ್ಪಿಸಿದಂತೆ ಎನ್ನುತ್ತದೆ. ಆದರೆ ಅದೇ ಪ್ರಕರಣದ ಮುಂದಿನ ಮಾತನ್ನು ಇವರು ಮರೆಯುತ್ತಾರೆ. ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆ ಕರಾರನ್ನು ಮಾಡುವುದು ಮಾರಾಟಗಾರನ ಕರ್ತವ್ಯ. ಅದರಲ್ಲಿ ತಪ್ಪಿ ಸರಕು ಕಳೆದರೆ ಖರೀದಿದಾರನು ಆ ಒಪ್ಪಿಸುವಿಕೆಯನ್ನೇ ನಿರಾಕರಿಸಬಹುದು. ಅಲ್ಲದೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ತಿಳಿಸಿದ ಅವಧಿ ಮೀರಿ ತಲುಪಿದ ಸರಕಿನ ಹಣವನ್ನು ಹಿಂದಿರುಗಿಸಲು ಮಾರಾಟಗಾರನು ಸಾಮಾನ್ಯವಾಗಿ ನಿರಾಕರಿಸುವಂತಿಲ್ಲ. ತಡವಾಗಿ ಬಂದುದಕ್ಕೇ ಹೀಗಿರುವಾಗ ಬಾರದೇ ಹೋದುದಕ್ಕೆ ಬೇರೆ ನ್ಯಾಯವಿರಲು ಸಾಧ್ಯವೇ? ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೂ, ಸರಕು ಗ್ರಾಹಕನ ಕೈ ಸೇರುವವರೆಗೂ ನಷ್ಟದ ಹೊಣೆ ವರ್ತಕನದೇ ಎಂದು ಸ್ಪಷ್ಟವಾಗಿ ಸಾರಿದೆ. ಅಷ್ಟು ನಿಚ್ಚಳವಾದ ಮಾತು ಭಾರತದ ಕಾನೂನಿಗೂ ಅವಶ್ಯಕ.

ಇನ್ನು ಅಂಚೆಯ ಮಾತು. 1898ರ ಅಂಚೆ ಕಚೇರಿ ಅಧಿನಿಯಮವು ಕಳೆದುಹೋದ ವಸ್ತುಗಳ ವಿಷಯದಲ್ಲಿ ಸರ್ಕಾರಕ್ಕೆ ವಿಶಾಲವಾದ ರಕ್ಷಣೆ ನೀಡಿತ್ತು. 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಹೊಸ ಅಧಿನಿಯಮವೂ, ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆಯನ್ನು ಮಾತ್ರ ಅಂಚೆಯ ಮೇಲಿಡುತ್ತದೆ. ಆದ್ದರಿಂದ “ಅಂಚೆಯವರನ್ನೇ ಕೇಳಿ” ಎಂದು ಗ್ರಾಹಕನನ್ನು ಅಟ್ಟುವುದು, ಬತ್ತಿದ ಬಾವಿಗೆ ಕೊಡ ಕೊಟ್ಟು ಕಳಿಸಿದಂತೆಯೇ ಸರಿ.

ಸಾಗಣೆಯ ದಾರಿಯನ್ನು ಸಾಮಾನ್ಯವಾಗಿ ಆರಿಸುವವರು ಯಾರು? ಪೊಟ್ಟಣ ಕಟ್ಟುವವರು, ವಿಳಾಸ ಬರೆಯುವವರು, ವಿಮೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು, ರಸೀದಿಯನ್ನು ಕೈಯಲ್ಲಿಟ್ಟುಕೊಂಡವರು ಯಾರು? ಮಾರುವ ಕಡೆಯವರೇ. ಆಯ್ಕೆಯ ಅಧಿಕಾರ ಯಾರದೋ ನಷ್ಟದ ಹೊಣೆಯೂ ಅವರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೆಚ್ಚು ಕಡಿಮೆ ತೂಕ, ಅಳತೆಗಳೂ ಕಲಬೆರಕೆಯೂ ಸೇರಿವೆ. ವ್ರತಕ್ಕೆ ಕಳಂಕ ತಗಲಲು ಕನ್ನ ಹಾಕಬೇಕಾಗಿಲ್ಲ. ತಕ್ಕಡಿಯ ಮರೆಯೇ ಸಾಕು. ತೂಕದಲ್ಲಿ ಗುಲಗಂಜಿಯಷ್ಟು ಕಡಿಮೆ ಕೊಡುವುದು ದೋಷವಾದರೆ, ಏನನ್ನೂ ಕೊಡದೆ ಪೂರ್ಣ ಬೆಲೆಯನ್ನು ಉಳಿಸಿಕೊಳ್ಳುವುದು ಏನು?

ಹಾಗೆಂದು ಗ್ರಾಹಕನು ಸರ್ವಥಾ ಮುಕ್ತನಲ್ಲ. ತಪ್ಪು ವಿಳಾಸ ಕೊಟ್ಟವನು, ತಾನೇ ಬೇರೆ ಸಾಗಣೆದಾರನನ್ನು ಗೊತ್ತುಮಾಡಿದವನು ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಸರಕು ಕೈಸೇರಿದ್ದರೂ “ಬಂದಿಲ್ಲ” ಎಂದು ಹಣ ಕೇಳುವವನು ಅಸತ್ಯ, ಚೌರ್ಯ ಎರಡಕ್ಕೂ ಭಾಗಿ. ಮನೆಬಾಗಿಲಿಗೆ ಪೊಟ್ಟಣ ತರುವ ಹುಡುಗನ ಕೂಲಿಯಿಂದ, ಅವನ ತಪ್ಪು ಸಾಬೀತಾಗುವ ಮೊದಲೇ ನಷ್ಟ ಮುರಿದುಕೊಳ್ಳುವುದಂತೂ ಕ್ರೌರ್ಯ. ಬಲಹೀನನ ಹೆಗಲಿಗೆ ಹೊರೆ ದಾಟಿಸಿದ ಮಾತ್ರಕ್ಕೆ ಬಲಾಢ್ಯನ ಋಣ ತೀರುವುದಿಲ್ಲ.

ವಂಚಿತರಾದವರು ಮೌನವಾಗಿ ಸಹಿಸಬೇಕಾಗಿಯೂ ಇಲ್ಲ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕೆಂಬ ನಿಯಮವಿದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. 2019ರ ಅಧಿನಿಯಮದಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು.

ಗ್ರಂಥಗಳನ್ನೂ ಪೂಜಾಸಾಮಗ್ರಿಗಳನ್ನೂ ಅಂಚೆಯ ಮೂಲಕ ಕಳುಹಿಸುವ ಬಸದಿಯ ಟ್ರಸ್ಟುಗಳಿಗೂ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಶ್ರಾವಕ ಕುಟುಂಬಗಳಿಗೂ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. “ತಲುಪದಿದ್ದರೆ ಮತ್ತೊಂದು ಪ್ರತಿ, ಇಲ್ಲವೇ ಪೂರ್ಣ ಹಣ” ಎಂಬ ಒಂದು ಸಾಲನ್ನು ತಮ್ಮ ರಸೀದಿಯಲ್ಲಿ ಅಚ್ಚು ಹಾಕಿಸಿ, ಅದರಂತೆ ನಡೆದರೆ ಸಾಕು. ಕಾನೂನು ಒತ್ತಾಯಿಸುವವರೆಗೆ ಕಾದು ಕೊಟ್ಟದ್ದು ದಂಡವೆನಿಸುತ್ತದೆ. ಕೇಳುವ ಮೊದಲೇ ಕೊಟ್ಟದ್ದು ಧರ್ಮವೆನಿಸುತ್ತದೆ.