ಹಾಡು ಮೊಬೈಲ್‌ನಲ್ಲಿದ್ದರೆ ಉಳಿದಂತೆಯೇ?

‘ನಮ್ಮ ಅಜ್ಜಿ ಹಾಡಿದ್ದು, ಎಲ್ಲರಿಗೂ ಶೇರ್ ಮಾಡಿ, ಉಳಿಸಿ.’ ಇಂಥ ಒಕ್ಕಣೆಯೊಂದಿಗೆ ಬರುವ ಬೀಸುಕಲ್ಲಿನ ಪದ, ಗೀಗೀ ಪದ, ಮೊಹರಂ ಪದಗಳನ್ನು ನಾವೆಲ್ಲ ಗ್ರೂಪಿಗೆ ಕಳಿಸಿರುತ್ತೇವೆ. ನೂರಾರು ಮೊಬೈಲ್‌ಗೆ ಹೋಯಿತು, ಇನ್ನು ಹಾಡು ಅಳಿಯದು ಎಂಬುದು ನಂಬಿಕೆ. ಇದು ಅರ್ಧ ಮಾತ್ರ ನಿಜ.

ವಿಜಯಪುರ ಜಿಲ್ಲೆಯ ಕೊಲ್ಹಾರದಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ ಜನ ಹೊಸ ಊರಿಗೆ ಬಂದರು. ಮನೆ ಮತ್ತೆ ಕಟ್ಟಬಹುದು. ಹಳೆಯ ಓಣಿಯಲ್ಲಿ ಹಾಡು ಕಲಿತವರು ತೀರಿಹೋದರೆ ಅದರ ಧಾಟಿ ಹೇಳಿಕೊಡುವವರು ಸಿಗುವುದಿಲ್ಲ.

ಪುಸ್ತಕದಲ್ಲಿ ಇದೆಯಲ್ಲ?

ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅವರಿಂದಾಗಿ ಸಾಲುಗಳು ಉಳಿದವು. ಆದರೆ ಎಲ್ಲಿ ದನಿ ಎಳೆದರು, ಎಲ್ಲಿ ಉಸಿರು ಬಿಟ್ಟರು ಎಂಬುದು ಪುಸ್ತಕದಲ್ಲಿ ಕೇಳಿಸದು. ಅದಕ್ಕೆ ರೆಕಾರ್ಡಿಂಗೇ ಬೇಕು.

ರೆಕಾರ್ಡ್ ಆದರೆ ಸಾಕೇ?

ಸಾಲದು. ವಿಯೆನ್ನಾದಲ್ಲಿ 1899ರಲ್ಲಿ, ಬರ್ಲಿನ್‌ನಲ್ಲಿ 1900ರಲ್ಲಿ ಧ್ವನಿ ಸಂಗ್ರಹಾಲಯಗಳು ಶುರುವಾದವು. ಬರ್ಲಿನ್‌ಗೆ ಹಲವು ದೇಶಗಳ ಹಾಡುಗಳು ಮೇಣದ ಉರುಳೆಗಳ ಮೇಲೆ ಬಂದವು. ಮೇಣ ಪ್ರತಿ ಸಲ ನುಡಿಸಿದಾಗಲೂ ಸವೆಯುತ್ತದೆ. ಅದಕ್ಕೇ ಅಲ್ಲಿ ತಾಮ್ರದ ಅಚ್ಚು ತೆಗೆದು ಪ್ರತಿ ಮಾಡಿಟ್ಟರು.

ನಮ್ಮ ಮನೆಯ ಕ್ಯಾಸೆಟ್‌ಗಳ ಪಾಡೂ ಅಷ್ಟೇ. ತೇವ ತಗುಲಿದರೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲವಾಗುತ್ತದೆ. ಅದನ್ನು ನುಡಿಸುವ ಯಂತ್ರವೂ ಅಪರೂಪವಾಗುತ್ತಿದೆ. 2025ರೊಳಗೆ ಟೇಪುಗಳನ್ನು ಡಿಜಿಟಲ್ ಮಾಡಿಕೊಳ್ಳಬೇಕೆಂದು ಧ್ವನಿ ಸಂಗ್ರಹಾಲಯಗಳ ತಜ್ಞರು ಮೊದಲೇ ಎಚ್ಚರಿಸಿದ್ದರು.

ವಾಟ್ಸಾಪ್‌ನಲ್ಲಿ ಏನಾಗುತ್ತದೆ?

ವಾಯ್ಸ್ ಮೆಸೇಜ್ ಇರುವುದು ಮಾತಿಗೆ. ಡೇಟಾ ಉಳಿಸಲು ಅದು ಧ್ವನಿಯನ್ನು ಹಿಂಡಿ ಚಿಕ್ಕದಾಗಿಸುತ್ತದೆ. ಹೀಗೆ ಹೋದ ಸೂಕ್ಷ್ಮ ಅಂಶ ಮರಳಿ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ಹಾಡಿದವರು ಯಾರು, ಯಾವ ಊರು ಎಂಬುದೇ ಅಳಿಸಿಹೋಗುತ್ತದೆ.

ಹೆಸರಿನ ಬೆಲೆ ಗೊತ್ತಾಗಬೇಕಾದರೆ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್‌ಗೆ ಹಾಡಿದ ಗೌಹರ್ ಜಾನ್ ಅವರನ್ನು ನೆನೆಯಬೇಕು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಕೊಲ್ಹಾರದಿಂದ ಕೃಷ್ಣೆಯ ಆಚೆಗಿರುವ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅವರ ದನಿಯೂ ಗ್ರಾಮಫೋನ್ ತಟ್ಟೆ, ಸಿನಿಮಾಗಳಲ್ಲಿ ಹೆಸರಿನ ಸಮೇತ ಉಳಿದಿದೆ. ಬೀಸುತ್ತ ಹಾಡಿದ ನಮ್ಮ ಅಜ್ಜಿಯರಿಗೆ ಆ ಭಾಗ್ಯ ಸಿಗಲಿಲ್ಲ.

ನಾವು ಏನು ಮಾಡಬಹುದು?

1. ಹಾಡುವವರ ಒಪ್ಪಿಗೆ ಕೇಳಿ. ಎಲ್ಲರಿಗೂ ಕಳಿಸಬಹುದೇ ಎಂದೂ ಕೇಳಿ.
2. ಫ್ಯಾನ್, ಟಿವಿ ಆರಿಸಿ. ಮೊದಲು ಹಾಡುವವರ ಹೆಸರು, ಊರು, ತಾರೀಖು, ಹಾಡು ಯಾವ ಸಂದರ್ಭದ್ದು ಎಂಬುದನ್ನು ಬಾಯಲ್ಲೇ ಹೇಳಿ, ಆಮೇಲೆ ಹಾಡು.
3. ಮೊಬೈಲ್‌ನ ರೆಕಾರ್ಡರ್ ಬಳಸಿ, ಇದ್ದರೆ ‘ವೇವ್’ ಆಯ್ಕೆ ಮಾಡಿ. ಉತ್ತಮ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು.
4. ವಾಟ್ಸಾಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೂಲ ಫೈಲೇ ಹೋಗುತ್ತದೆ.
5. ಮೂಲ ಫೈಲ್ ಎರಡು ಮೂರು ಕಡೆ ಇರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ.

ಫಾರ್ವರ್ಡ್ ಮಾಡುವುದು ತಪ್ಪಲ್ಲ, ಹಾಡು ಹತ್ತು ಜನಕ್ಕೆ ಮುಟ್ಟುವುದು ಅದರಿಂದಲೇ. ಆದರೆ ಮುಂದಿನ ಸಲ ಹೆಸರಿಲ್ಲದ ಹಾಡು ಬಂದರೆ, ಕಳಿಸಿದವರಿಗೆ ‘ಇದನ್ನು ಹಾಡಿದವರು ಯಾರು?’ ಎಂದು ಕೇಳಿ. ಉತ್ತರ ಗೊತ್ತಿರುವವರು ಇನ್ನೂ ಬದುಕಿರಬಹುದು.